ನೊಗ ಬಿಚ್ಚಿಸಿದ ಅತ್ತೆ

ನನ್ನ ಚೊಚ್ಚಲ ಹೆರಿಗೆ ಆದದ್ದು ಮನೆಯಲ್ಲೂ ಅಲ್ಲ, ದವಾಖಾನೆಯಲ್ಲೂ ಅಲ್ಲ, ನಡುದಾರಿಯಲ್ಲಿ. ಆಗಿನ್ನೂ ನಿಜಾಮರ ಆಳ್ವಿಕೆ. ಯಲಬುರ್ಗಾ ಸೀಮೆಯ ನಮ್ಮ ಹಳ್ಳಿ ಮಂಗಳೂರಿನಿಂದ ಕೊಪ್ಪಳದ ದವಾಖಾನೆಗೆ ಹೋಗಬೇಕೆಂದರೆ ಚಕ್ಕಡಿಯೇ ಗತಿ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಗಂಡನ ಮನೆಯಲ್ಲೇ ಉಳಿದಿದ್ದೆ. ಹಿಂದಿನ ದಿನದಿಂದ ನೋವು ತಿಂದರೂ ಕೂಸು ಹೊರಗೆ ಬರಲೊಲ್ಲದು. ಸುಸ್ತಾಗಿ ನನ್ನ ಕಣ್ಣು ಮುಚ್ಚತೊಡಗಿದಾಗ ಮಾವ ಗಾಬರಿಯಾಗಿ ಚಕ್ಕಡಿ ಹೂಡಿದರು. ಹಿಂದೆ ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ನಾನು.

ಮಾವ ಒಮ್ಮೆ ಹೊರಟರೆ ಯಾರ ಮಾತಿಗೂ ನಿಲ್ಲುವ ಆಸಾಮಿಯಲ್ಲ. ಎರೆಮಣ್ಣಿನ ದಾರಿಯ ಕೊರಕಲಿಗೆ ಗಾಲಿ ಬಿದ್ದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಇಷ್ಟು ಕುಲುಕಿದರೆ ಒಳಗಿನ ಕೂಸಿಗೆ ಏನನ್ನಿಸುತ್ತಿರಬಹುದು? ಸಾಯುವಷ್ಟು ನೋವಿನಲ್ಲೂ ನನ್ನ ತಲೆಯಲ್ಲಿ ಇಂಥವೇ ಹುಚ್ಚು ಪ್ರಶ್ನೆಗಳು.

ನಮ್ಮ ಕಡೆ ಹೆರಿಗೆ ತಡವಾದರೆ ಮನೆಯ ಬೀಗ ತೆಗೆಯುತ್ತಾರೆ, ಕಣ್ಣಿಗೆ ಬಿದ್ದ ಗಂಟನ್ನೆಲ್ಲ ಬಿಚ್ಚುತ್ತಾರೆ. ನನ್ನ ಜಡೆ, ಕುಪ್ಪಸ, ಬುತ್ತಿಯ ಗಂಟು ಎಲ್ಲ ಬಿಚ್ಚಿಯಾಗಿತ್ತು. ಒಂದು ಹಳ್ಳದ ದಂಡೆಯಲ್ಲಿ ಅತ್ತೆ ನನ್ನ ಹೊಟ್ಟೆ ಮುಟ್ಟಿ ನೋಡಿದವರೇ ಕೂಗಿಕೊಂಡರು.

"ಅಯ್ಯ, ಎತ್ತಿನ ಕೊಳ್ಳಾಗ ಗಂಟು ಅದಾವಲ್ರಿ! ಮೊದ್ಲ ಬಿಚ್ರಿ ಅವನ್ನ!"

"ಬಿಚ್ಚಿದ್ರ ಗಾಡಿ ಯಾರು ಎಳೀಬೇಕು, ನೀನಾ?"

"ಗಂಟು ಇಟಗೊಂಡು ಹೆಂಗ ಹಡೀತಾಳ್ರಿ? ಏನರ ಆದ್ರ ನಿಮ್ಮ ಮ್ಯಾಲ ಬರತೈತಿ ನೋಡ್ರಿ."

ಯಾರಿಗೂ ಬಗ್ಗದ ಮಾವ ಈ ಮಾತಿಗೆ ತಣ್ಣಗಾದರು. ಎತ್ತು ಬಿಚ್ಚಿ, ನೊಗ ನೆಲಕ್ಕಿಳಿಸಿ, ಗೊಣಗುತ್ತ ಹಳ್ಳದಾಚೆ ಹೋಗಿ ಬೆನ್ನು ತಿರುಗಿಸಿ ನಿಂತರು.

ಅತ್ತೆ ನನ್ನನ್ನು ಕೆಳಗಿಳಿಸಿ, ಸೀರೆ ಮರೆಮಾಡಿ, ಗಾಲಿಯನ್ನು ಹಿಡಿಸಿ ಕುಕ್ಕರಗಾಲಿನಲ್ಲಿ ಕೂಡಿಸಿದರು. ಅಲುಗಾಟ ನಿಂತದ್ದೇ ತಡ, ನೋವು ಬೇರೆಯೇ ಹದಕ್ಕೆ ಬಂತು. "ತಿಣಕವ್ವ, ಇನ್ನೊಂದೀಟು ತಿಣಕು." ಎಷ್ಟು ಹೊತ್ತು ತಿಣುಕಿದೆನೋ ತಿಳಿಯದು. ಮಗಳು ಹುಟ್ಟಿದಳು. ಅವಳು ಕಿರುಚಿದ್ದು ಕೇಳಿ ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದವು.

ಅತ್ತೆ ಸೆರಗಿನಿಂದ ದಾರ ಹಿರಿದು ಹೊಕ್ಕುಳಬಳ್ಳಿಗೆ ಗಂಟಿನ ಮೇಲೆ ಗಂಟು ಹಾಕಿದರು. ಮಾಸು ಇನ್ನೂ ಬಿದ್ದಿರಲಿಲ್ಲ, ಹೆರಿಗೆ ಪೂರ್ತಿ ಮುಗಿದಿರಲಿಲ್ಲ. ಅಷ್ಟು ಹೊತ್ತು ಗಂಟಿಗೆ ಅಂಜಿದವರು ಈಗ ಒಂದಿಷ್ಟೂ ಅಂಜದ್ದು ಕಂಡು ನನಗೆ ತಡೆಯಲಾಗಲಿಲ್ಲ.

"ಅತ್ತಿ, ಈ ಗಂಟು ನಡೀತೈತೇನ್ರಿ?"

ಅತ್ತೆ ಹಳ್ಳದಾಚೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಗಂಟಿಂದೇನೈತವ್ವ. ಗಾಡಿ ನಿಂದ್ರಸ್ರಿ ಅಂದಿದ್ರ ನಿಂದ್ರಸ್ತಿದ್ರೇನು ಅವರು? ನನ್ನ ಮಗಳ್ನೂ ಇದ ದಾರಿಲೆ ಹಿಂಗ ಕರಕೊಂಡು ಹೊಂಟಿದ್ವಿ. ನಿಂದ್ರಸ್ರಿ, ಇಲ್ಲೇ ಹಡೀತಾಳ ಅಂತ ಬಾಯಿ ಬಡಕೊಂಡೆ. ದವಾಖಾನಿ ಬಾಗಲಾಗ ನಿಂದ್ರಿಸಿದ್ರು. ಅಷ್ಟೊತ್ತಿಗೆ ಆಕಿ ನನ್ನ ತೊಡಿ ಮ್ಯಾಲ ತಣ್ಣಗಾಗಿದ್ಲು."