ಮುಯ್ಯಾಳಿನ ವೋಟು

ನಮ್ಮ ಮಂಡ್ಯದ ಕಡೆ ಮುಯ್ಯಾಳು ಅಂತ ಒಂದು ಪದ್ಧತಿ. ಇವತ್ತು ನಾನು ನಿನ್ನ ಗದ್ದೆಯಲ್ಲಿ ನಾಟಿ ಹಾಕಿದರೆ ನಾಳೆ ನೀನು ನನ್ನ ಗದ್ದೆಗೆ ಬರಬೇಕು. ಕೂಲಿಯಿಲ್ಲ, ಕಾಗದವಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಗದ್ದೆಯಲ್ಲಿ ಕಲಿತದ್ದು ಅದನ್ನೇ. ಅದನ್ನು ಅಮೆರಿಕದ ಚುನಾವಣೆಗೆ ತಂದದ್ದು ನನ್ನ ತಪ್ಪು.

ಕ್ಯಾಲಿಫೋರ್ನಿಯಾದ ಎವರ್‌ಗ್ರೀನ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ನಾನು ಇಲ್ಲಿನ ಸಿಟಿಜನ್ನು, ವೋಟಿನ ಕಾಗದ ಅಂಚೆಯಲ್ಲಿ ಬರುತ್ತದೆ. ಅದರಲ್ಲಿ ಗುರುತಿನ ಚಿತ್ರವಿಲ್ಲ, ಬರೀ ಇಂಗ್ಲಿಷು. ಮಗಳು ಬೆರಳಿಟ್ಟ ಕಡೆ ನಾನು ಮಸಿ ತುಂಬುತ್ತಿದ್ದೆ. ಅವಳದ್ದು ದೊಡ್ಡ ಪಕ್ಷ.

ಹೋದ ಸಲ ಅಧ್ಯಕ್ಷರ ಚುನಾವಣೆ ಬಂದಾಗ ಮೊಮ್ಮಗಳಿಗೆ ಹದಿನೇಳು, ವೋಟಿರಲಿಲ್ಲ. ಅಮ್ಮನ ಪಕ್ಷ ಸೋತರೆ ತನ್ನ ಗೆಳತಿಯ ಮನೆಯವರನ್ನು ದೇಶದಿಂದ ಹೊರಗೆ ಹಾಕುತ್ತಾರೆಂದು ಅವಳಿಗೆ ದಿಗಿಲು. ಈ ದೇಶದಲ್ಲೇ ಹುಟ್ಟಿ, ಇಲ್ಲಿನ ಬೇರೆ ರಾಜ್ಯದಲ್ಲಿ ಓದುವ ನನ್ನ ತಂಗಿಯ ಮೊಮ್ಮಗಳದ್ದು ಒಂದು ಚಿಕ್ಕ ಪಕ್ಷ. ಇವಳು ಅವಳ ಜೊತೆ ಮಾತಾಡಿಕೊಂಡು ನನ್ನ ಹತ್ತಿರ ಬಂದಳು.

"ಅಜ್ಜಿ, ಇಲ್ಲಿ ಒಂದು ಸ್ಟೇಟಲ್ಲಿ ಗೆದ್ದೋರಿಗೆ ಆ ಸ್ಟೇಟ್ ಪೂರ್ತಿ ಸೇರುತ್ತೆ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ಅಮ್ಮನ ಪಾರ್ಟಿ ಎನಿವೇ ಗೆಲ್ಲುತ್ತೆ. ಅಕ್ಕನ ಸ್ಟೇಟಲ್ಲಿ ತುಂಬಾ ಟೈಟು. ಅಕ್ಕ ಅಲ್ಲಿ ಅಮ್ಮನ ಪಾರ್ಟಿಗೆ ಹಾಕ್ತಾಳೆ, ನೀನು ಇಲ್ಲಿ ಅವಳ ಸ್ಮಾಲ್ ಪಾರ್ಟಿಗೆ ಹಾಕು. ಸ್ವಾಪ್!"

"ಮುಯ್ಯಾಳು ಅನ್ನು," ಅಂದೆ. ಫೋನಿನಲ್ಲಿ ಆ ಹುಡುಗಿಯೂ ಮಾತು ಕೊಟ್ಟಳು.

ಮಗಳು ಕೆರಳಿದಳು. "ಅವ್ವ, ನಿಂಗೆ ತಲೆ ನೆಟ್ಟಗೈತಾ? ಆ ಪಾರ್ಟಿಗೆ ಹಾಕೋದೂ ಒಂದೇ, ಗಾರ್ಬೇಜಿಗೆ ಹಾಕೋದೂ ಒಂದೇ."

"ಊರಲ್ಲಿ ನಾಕು ಸೀಟಿನೋರು ಸರ್ಕಾರನೇ ಕುಣಿಸ್ತಾರೆ."

"ಇದು ಊರಲ್ಲ ಕಣವ್ವ. ಇಲ್ಲಿ ಅವ್ರಿಗೆ ನಾಕಿರ್ಲಿ, ಒಂದೂ ಬರಲ್ಲ."

ಅವಳು ಹೇಳಿದ್ದು ನಿಜ. ಇಲ್ಲಿ ಚಿಕ್ಕ ಪಕ್ಷದವರು ವೋಟಿನ ಕಾಗದದಲ್ಲಿ ಹೆಸರು ಉಳಿಸಿಕೊಳ್ಳುವುದಕ್ಕೇ ಗ್ರೋಸರಿ ಅಂಗಡಿಗಳ ಮುಂದೆ ಜನರನ್ನು ಹಿಡಿದು ನಿಲ್ಲಿಸಿ ರುಜು ಹಾಕಿಸಿಕೊಳ್ಳುತ್ತಾರೆ. ಗೆದ್ದವರು ಇವರನ್ನು ನೆನೆಯುವುದಿಲ್ಲ. ಸೋತವರು ಮಾತ್ರ ನಮ್ಮ ವೋಟು ತಿಂದರೆಂದು ಬೈಯುತ್ತಾರೆ. ಆದರೂ ಮಾತು ಕೊಟ್ಟಾಗಿತ್ತು. ಮೊಮ್ಮಗಳು ಹೆಸರು ಓದಿದಳು, ನಾನು ಮಸಿ ತುಂಬಿದೆ. ಇಬ್ಬರೂ ಹೋಗಿ ಲೈಬ್ರರಿಯ ಮುಂದಿನ ವೋಟಿನ ಪೆಟ್ಟಿಗೆಗೆ ಹಾಕಿ ಬಂದೆವು.

ಮಗಳ ಪಕ್ಷ ಸೋತಿತು. ಆ ಹುಡುಗಿಯ ರಾಜ್ಯವೂ ಕೈಬಿಟ್ಟಿತು. "ಅಕ್ಕ ಫೋನೇ ತೆಗೀತಿಲ್ಲ," ಅಂತ ಮೊಮ್ಮಗಳು ಮುಖ ಸಣ್ಣ ಮಾಡಿಕೊಂಡು ಓಡಾಡಿದಳು. ನಾಲ್ಕು ದಿನ ನೋಡಿ ನಾನೇ ಮಾಡಿದೆ. ತೆಗೆದಳು.

"ಹಾಕಿದ್ಯೇನೆ?"

"ಸಾರಿ ಅಜ್ಜಿ. ಅದು ನನ್ನ ಫಸ್ಟ್ ವೋಟು. ಇಷ್ಟ ಇಲ್ದೋರಿಗೆ ಹಾಕೋಕೆ ಮನಸ್ಸೇ ಬರ್ಲಿಲ್ಲ. ನನ್ನ ಪಾರ್ಟಿಗೇ ಹಾಕ್ಬಿಟ್ಟೆ."

"ಮತ್ತೆ ನನ್ನ ಕೈಲಿ ಯಾಕೆ ಹಾಕ್ಸಿದೆ?"

ಇನ್ನೊಂದು ಸಲ ಸಾರಿ ಅಂದು ಫೋನಿಟ್ಟಳು. ಅವಳೊಬ್ಬಳ ವೋಟಿನಿಂದ ಏನೂ ಬದಲಾಗುತ್ತಿರಲಿಲ್ಲ, ಅಷ್ಟು ನನಗೂ ಗೊತ್ತು. ಆದರೆ ಕಿವಿ ಮಂದವೆಂದು ನಾನು ಸ್ಪೀಕರ್ ಹಾಕಿಯೇ ಮಾತಾಡುವವಳು. ಮೊಮ್ಮಗಳು ಬೆನ್ನ ಹಿಂದೆಯೇ ನಿಂತಿದ್ದಳು.

"ಸೋ, ಯಾರೂ ಹೇಳಿದ್ದು ಮಾಡಲ್ಲ," ಅಂದಳು. ಮೆಟ್ಟಿಲು ಹತ್ತಿ ಹೋದಳು.

ಗದ್ದೆಗೆ ಬಾರದವಳನ್ನು ಊರೆಲ್ಲ ನೋಡುತ್ತದೆ. ಮುಚ್ಚಿದ ಲಕೋಟೆಯೊಳಗೆ ಯಾರು ನೋಡುತ್ತಾರೆ? ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಈಗ ಮೊಮ್ಮಗಳಿಗೂ ವೋಟಿದೆ. ಮೊದಲ ಕಾಗದ ಬಂದು ಮೂರು ವಾರವಾಯಿತು, ಲಕೋಟೆ ಒಡೆದಿಲ್ಲ. "ಅವಳ ತಲೆ ಕೆಡಿಸಿದ್ದು ನೀನೇ, ನೀನೇ ಹೇಳು," ಎಂದು ಮಗಳು ನನ್ನನ್ನು ಕಳಿಸಿದಳು.

"ದೊಡ್ಡದಕ್ಕೋ ಚಿಕ್ಕದಕ್ಕೋ, ನಿಂಗೆ ಬೇಕಾದ್ದಕ್ಕೆ ಹಾಕು. ಯಾರಿಗೂ ಮಾತು ಕೊಡ್ಬೇಡ," ಅಂದೆ.

"ಹಾಕ್ದೇ ಇದ್ರೆ?"

ಬೈಯಬೇಕಿತ್ತು. ಬೈಯದೆ ಲಕೋಟೆಯನ್ನು ಅವಳ ಮುಂದಿಟ್ಟು ಬಂದೆ. ವೋಟು ಹಾಕಲು ನಾಳೆ ಕೊನೆಯ ದಿನ.