ಸರ್ ಹಾಕದೇ ಹೋದ ಸಹಿ

ನಮ್ಮ ಸರ್‌ಗೆ ಬಲಗೈ ಹೆಬ್ಬೆರಳಿನ ಉಗುರಿರಲಿಲ್ಲ. ಪ್ರಾಯದಲ್ಲಿ ಯಾವುದೋ ಸೈಟಿನಲ್ಲಿ ಸೆಂಟ್ರಿಂಗ್ ಹಲಗೆ ಬಿದ್ದು ಹೋದದ್ದು ಮತ್ತೆ ಬೆಳೆಯಲೇ ಇಲ್ಲ. ಆ ಮೆತ್ತನೆಯ ಬೆರಳನ್ನು ಗೋಡೆಯ ಮೇಲೆ ಆಡಿಸದೆ ಅವರು ಯಾವ ಕಟ್ಟಡದ ಬಗ್ಗೆಯೂ ಮಾತು ಶುರು ಮಾಡುತ್ತಿರಲಿಲ್ಲ. ನೋಡಿದವರಿಗೆ ಹಸುವಿನ ಮೈ ಸವರುತ್ತಿದ್ದಾರೇನೋ ಅನ್ನಿಸಬೇಕು.

ಮೈಸೂರಿನ ಕಡೆಯವರು. ದೆಹಲಿಯ ಓಖ್ಲಾದ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿಯಲ್ಲಿ ಅವರ ಆಫೀಸು. ನಾನು ದೆಹಲಿಯಲ್ಲಿ ಇತಿಹಾಸ ಓದಿ, ಆಮೇಲೆ ಹೊರದೇಶದಲ್ಲಿ ಆರ್ಕಿಟೆಕ್ಚರ್ ಮಾಸ್ಟರ್ಸ್ ಮಾಡಿದವಳು. ಅಲ್ಲಿ ಲೈಸೆನ್ಸ್ ಬೇಕಾದರೆ ಓದು ಮುಗಿದ ಮೇಲೂ ಅನುಭವಸ್ಥರ ಕೈಕೆಳಗೆ ದುಡಿದು ಪರೀಕ್ಷೆಗಳನ್ನು ಪಾಸಾಗಬೇಕು. ಅದು ಅರ್ಧದಲ್ಲಿರುವಾಗ ಮಯೂರ್ ವಿಹಾರ್‌ನಲ್ಲಿದ್ದ ಅಪ್ಪನಿಗೆ ಲಕ್ವ ಹೊಡೆಯಿತು, ವಾಪಸ್ಸು ಬಂದೆ. ಇಲ್ಲಿ ನೋಡಿದರೆ, ನಿಮ್ಮ ಮೊದಲ ಡಿಗ್ರಿ ಆರ್ಕಿಟೆಕ್ಚರ್ ಅಲ್ಲ, ಎರಡನೆಯದಕ್ಕೆ ಮಾನ್ಯತೆ ಉಂಟೋ ಇಲ್ಲವೋ ಪರಿಶೀಲಿಸಬೇಕು ಎಂದರು ಆರ್ಕಿಟೆಕ್ಟರ ನೋಂದಣಿ ಕಚೇರಿಯವರು. ನೋಂದಣಿ ಆಗುವವರೆಗೆ ನಾನು ನಕ್ಷೆ ಬರೆಯಬಹುದು, ಸಹಿ ಹಾಕುವ ಹಾಗಿಲ್ಲ. ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ಸರ್ ಕೆಲಸ ಕೊಟ್ಟರು, ಜೊತೆಗೊಂದು ಹೆಸರನ್ನೂ ಕೊಟ್ಟರು. "ಏನಮ್ಮಾ ಎಡಬಿಡಂಗಿ, ಚಾಯ್ ಆಯ್ತಾ?" ಎಂದೇ ದಿನ ಶುರುವಾಗುತ್ತಿತ್ತು.

ಸಿದ್ಧ ಉಡುಪಿನ ಕಂಪನಿಯ ಮಾಲೀಕನೊಬ್ಬ ಹೊಸ ಕಟ್ಟಡಕ್ಕೆ ನಮ್ಮಿಂದ ನಕ್ಷೆ ಮಾಡಿಸಿ ನೆಲಮಾಳಿಗೆ ತೋಡಿಸುತ್ತಿದ್ದ. ಸ್ವಲ್ಪ ಸ್ವಲ್ಪವೇ ಅಗೆದು ಆಸರೆ ಕೊಡುತ್ತಾ ಹೋಗಿ ಎಂದು ನಕ್ಷೆಯಲ್ಲಿತ್ತು. ಅವನು ಜೆಸಿಬಿ ತಂದು ಒಂದೇ ಸಲ ಅಗೆಸಿಬಿಟ್ಟ. ಪಕ್ಕದ ಹಳೆಯ ಕಟ್ಟಡದ ಗೋಡೆ ಬಿರುಕು ಬಿಟ್ಟಿತು. ಅದರ ತುಂಬ ಬೇರೆಯವರ ಹೊಲಿಗೆ ಕಾರ್ಖಾನೆ, ಮಹಡಿ ಮಹಡಿಯಲ್ಲೂ ದರ್ಜಿಗಳು. ಸರ್ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿದರು. "ಗೋಡೆ ಸರೀತಿದ್ರೆ ಗಾಜು ಮೊದಲು ಹೇಳತ್ತೆ." ಮರುದಿನ ಗಾಜು ಸೀಳಿತ್ತು. ಇನ್ನೊಂದು ಅಂಟಿಸಿದರು, ಅದೂ ಸೀಳಿತು. ಆಮೇಲೆ ಹೋದಾಗ ಗಾಜೂ ಇಲ್ಲ, ಬಿರುಕೂ ಇಲ್ಲ. ಮಾಲೀಕನ ಮೇಸ್ತ್ರಿ ನುಣ್ಣಗೆ ಪ್ಲಾಸ್ಟರ್ ಮಾಡಿ ಸುಣ್ಣ ಬಳಿದಿದ್ದ.

ಮುಂದಿನ ಹಂತಕ್ಕೆ ಸಹಿ ಹಾಕುವುದಿಲ್ಲ ಎಂದರು ಸರ್. ಮಾಲೀಕ ನನ್ನನ್ನು ಹಿಡಿದ. "ಬೇಟಾ, ಸರ್ ಬುಡ್ಢೇ ಹೋ ಗಯೇ, ಡರ್‌ತೇ ಹೈಂ," ಎಂದ, ಸರ್ ಮುದುಕರಾಗಿ ಹೆದರುತ್ತಿದ್ದಾರೆ ಎನ್ನುವಂತೆ. ಪಕ್ಕದ ಕಟ್ಟಡ ಸುರಕ್ಷಿತ ಎಂದು ಸರ್ ಆಫೀಸಿನವಳಾಗಿ ನಾನು ಬರೆದುಕೊಟ್ಟರೆ ಸಾಕು, ಸಹಿಗೆ ಬೇರೊಬ್ಬ ಆರ್ಕಿಟೆಕ್ಟ್ ಇದ್ದಾರೆ, ನನ್ನ ನೋಂದಣಿಯ ಫೈಲನ್ನೂ ಮುಂದೆ ತಳ್ಳಿಸುತ್ತೇನೆ ಎಂದ. ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು.

ಸರ್‌ಗೆ ಹೇಳಿದೆ. ಅವರು ಬೈಯಲಿಲ್ಲ. "ಚಲೋ," ಎಂದು ಊಟದ ಬಿಡುವಿನ ಹೊತ್ತಿಗೆ ಹೊಲಿಗೆ ಕಾರ್ಖಾನೆಗೆ ಕರೆದುಕೊಂಡು ಹೋಗಿ ಆ ನುಣುಪು ಗೋಡೆಯ ಮುಂದೆ ನಿಲ್ಲಿಸಿದರು.

"ಮಷೀನೆಲ್ಲಾ ನಿಂತಿದೆ ತಾನೇ?"

"ಹೂಂ ಸರ್. ಜೆಸಿಬಿನೂ ನಿಂತಿದೆ."

"ಹಾಗಿದ್ರೆ ಕಿವಿ ಇಟ್ಟು ಕೇಳು."

ಪ್ಲಾಸ್ಟರಿನ ಹಿಂದೆ ಮರಳು ಸಣ್ಣಗೆ ಜಾರುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಜಾರುತ್ತಿತ್ತು. ಗೋಡೆ ಇನ್ನೂ ಸರಿಯುತ್ತಲೇ ಇತ್ತು.

ಸರ್ ನೇರ ಹೋಗಿ ಮೇನ್ ಸ್ವಿಚ್ ಆರಿಸಿ, "ಸಬ್ ಬಾಹರ್! ಅಭೀ!" ಎಂದು ಕೂಗಿದರು. ದರ್ಜಿಗಳು ಗೊಣಗುತ್ತಾ ಬೀದಿಗಿಳಿದರು. "ಬಾಬೂಜೀ, ದಿಹಾಡೀ ಆಪ್ ದೋಗೇ?" ಎಂದ ಒಬ್ಬ. ದಿನದ ಕೂಲಿ ಕೇಳಿದ ಅವನನ್ನೂ ಸರ್ ಬೀದಿಯ ಆಚೆ ಬದಿಗೆ ಕಳಿಸಿದರು. ಸಂಜೆವರೆಗೂ ಎಲ್ಲರೂ ಆ ಕಟ್ಟಡವನ್ನೇ ನೋಡುತ್ತಾ ನಿಂತರು. ಅದು ಬೀಳಲಿಲ್ಲ. ಮಾರನೆಯ ದಿನ ಮಷೀನುಗಳು ಮತ್ತೆ ಶುರುವಾದವು.

ಸುಳ್ಳು ಭಯ ಹುಟ್ಟಿಸಿದರೆಂದು ಹೊಸ ಕಟ್ಟಡದ ಮಾಲೀಕ ದೂರು ಕೊಟ್ಟ. ಸರ್ ಅವರ ನೋಂದಣಿಯನ್ನೇ ರದ್ದು ಮಾಡಬೇಕೇ ಎಂಬ ವಿಚಾರಣೆ ನಡೆಯಿತು. ಇನ್ಯಾರದೋ ಸಹಿಯಲ್ಲಿ ಹೊಸ ಕಟ್ಟಡ ಎದ್ದಿತು. "ಗೋಡೆ ಬಿದ್ದಿದ್ರೆ ನಾನು ಗೆಲ್ತಿದ್ದೆ," ಎಂದರು ಸರ್ ಒಮ್ಮೆ. "ಅಂಥ ಗೆಲುವು ಯಾರಿಗೆ ಬೇಕಮ್ಮಾ?" ವಿಚಾರಣೆ ಮುಗಿಯುವ ಮೊದಲೇ, ಹೊಗೆ ಕವಿದ ಒಂದು ನವೆಂಬರಿನಲ್ಲಿ, ಎದೆನೋವೆಂದು ಮಲಗಿದವರು ಏಳಲಿಲ್ಲ. ಹೆಸರಿಗೆ ಅಂಟಿದ ಕಳಂಕ ಹಾಗೆಯೇ ಉಳಿಯಿತು.

ಕಳೆದ ತಿಂಗಳು ನನ್ನ ನೋಂದಣಿ ಬಂತು. ಆರ್ಕಿಟೆಕ್ಟ್ ಆಗಿ ನಾನು ಹಾಕಿದ ಮೊದಲ ಸಹಿ ಯಾವ ನಕ್ಷೆಗೂ ಅಲ್ಲ, ಆ ಹೊಲಿಗೆ ಕಾರ್ಖಾನೆಯನ್ನು ತೆರವು ಮಾಡಿಸಿ ಎಂಬ ಅರ್ಜಿಗೆ. ಉತ್ತರ ಇನ್ನೂ ಬಂದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಕಾರ್ಖಾನೆಯ ಬೀದಿಗೆ ತಿರುಗುವ ಮುಂಚೆ ಕಾಲು ತಾನಾಗಿ ನಿಲ್ಲುತ್ತದೆ. ಮಷೀನುಗಳ ಸದ್ದು ಕೇಳಿಸಿದ ಮೇಲೆಯೇ ಉಸಿರು ಬಿಡುತ್ತೇನೆ.