ಅಳತೆ ಖೋಲಿಯ ದತ್ತೋಬಾ ಕಾಕಾ

ದತ್ತೋಬಾ ಕಾಕಾ ಯಂತ್ರವನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಕಂಪ್ಯೂಟರಿನ ಮುಂದೆ ಕೂತು, ಕೈಯನ್ನು ಧೋತರಕ್ಕೆ ಒರೆಸಿಕೊಂಡು, ಒಂದೇ ಬೆರಳಿನಿಂದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಒತ್ತಿ, "ಹೇಳ್ರೀ ಸಾಹೇಬ್ರ, ಎಷ್ಟ ಬಂತು?" ಎನ್ನುವರು. ಪರದೆಯ ಮೇಲೆ ಅಂಕಿಯೊಂದು ಮೂಡುತ್ತಿತ್ತು. ಅದನ್ನು ವಹಿಯಲ್ಲಿ ಬರೆದುಕೊಂಡು "ಉಪಕಾರ ಆತ್ರಿ" ಎನ್ನುವರು.

ನಿಪ್ಪಾಣಿಯ ಆ ಕಾರ್ಖಾನೆಯಲ್ಲಿ ನಾವು ಭೋಂಗಾ ತಯಾರಿಸುತ್ತಿದ್ದೆವು. ಗುಡಿ, ಮಸೀದಿ, ಮದುವೆಮನೆಗಳ ಮೇಲೆ ಕೂಗುವ ಲೌಡ್‌ಸ್ಪೀಕರು. ಅವುಗಳ ದನಿ ಅಳೆಯಲು ಗೋಡೆಗೆಲ್ಲ ಗಾದಿ ಬಡಿದ ಒಂದು ಖೋಲಿ. ಭೋಂಗಾ ಕೂಗಿಸಿ ಅಳೆಯುವ ಯಂತ್ರ ಒಳಗೆ, ದಪ್ಪ ಪರದೆಯ ಕಂಪ್ಯೂಟರು ಹೊರಗೆ, ನಡುವೆ ಒಂದು ವೈರು. ಒಳಗೆ ಯಾರಾದರೂ ಕೆಮ್ಮಿದರೂ ಅಳತೆ ಕೆಡುತ್ತದೆಂದು ಯಂತ್ರಕ್ಕೆ ಹೇಳುವುದನ್ನೆಲ್ಲ ಹೊರಗಿನಿಂದ ಟೈಪ್ ಮಾಡಿಯೇ ಹೇಳಬೇಕು. ಕಾಕಾ ಏಳನೆಯ ಇಯತ್ತೆ ಕಲಿತವರು. ಆದರೂ ಆ ಇಂಗ್ಲಿಷ್ ಸಾಲುಗಳೆಲ್ಲ ಅವರಿಗೆ ಬಾಯಿಪಾಠ.

ಡಿಪ್ಲೊಮಾ ಮುಗಿಸಿ ಸೇರಿದ ನಾನು ಮೊದಲ ದಿನ ಟೈಪ್ ಮಾಡಿ ಕಾದೇ ಕಾದೆ. ಉತ್ತರವಿಲ್ಲ. ಕಾಕಾ ಬಗ್ಗಿ ನೋಡಿದರು.

"ಪ್ರಶ್ನೆ ಗುರ್ತು ಎಲ್ಲೈತಿ, ತಂಗಿ? ಕೇಳಲಾರದ ಅವರರ ಯಾಕ ಹೇಳ್ತಾರು?"

ಯಂತ್ರ ಬರುವ ಮೊದಲು ಭೋಂಗಾದ ಮುಂದೆ ನಿಂತು ನಿಂತೇ ಅವರ ಎಡಗಿವಿ ಹೋಗಿತ್ತು. "ಸಾಹೇಬ್ರು ಬಂದ್ರು, ಒಂದ ಕಿವಿ ಉಳೀತು. ಮನ್ಯಾಗ ತಾರಾಬಾಯಿ ರೊಟ್ಟಿ ಬಡಕೋತ ಹಾಡ್ತಾಳ, ಅಷ್ಟ ಕೇಳಿದ್ರ ಸಾಕು" ಎಂದು ನಗುತ್ತಿದ್ದರು. ಖೋಲಿಯೊಳಗೆ ಕಾಲಿಡುವ ಮೊದಲು ದನಿ ಬಂದ್ ಮಾಡುವ ಸಾಲು ಟೈಪ್ ಮಾಡದೆ ಅವರು ಒಂದು ದಿನವೂ ಹೋದವರಲ್ಲ.

ಆ ದಿನವೂ ಟೈಪ್ ಮಾಡಿಯೇ ಹೋಗಿದ್ದರು. ನಾನು ಬಂದಾಗ ಕುರ್ಚಿ ಖಾಲಿಯಿತ್ತು, ಬಾಗಿಲು ಹಾಕಿತ್ತು. ಚಹಾಕ್ಕೆ ಹೋಗಿರಬೇಕೆಂದುಕೊಂಡು ದನಿ ಚಾಲೂ ಮಾಡುವ ಸಾಲು ಒತ್ತಿದೆ, ಪೂರ್ತಿ ಜೋರಿನಲ್ಲಿ. ಒಳಗೆ ಏನೋ ಬಿದ್ದ ಸದ್ದಾಯಿತು. ಕೂಡಲೇ ಬಂದ್ ಮಾಡಿ, ಕುರ್ಚಿ ಬಿಟ್ಟು ಎದ್ದೆ. ಕಾಕಾ ಬಲಗಿವಿ ಹಿಡಿದುಕೊಂಡು ಹೊರಬಂದರು. ಸಡಿಲಾದ ವೈರು ಬಿಗಿಯಲು ಭೋಂಗಾದ ಬಾಯಿಗೇ ತಲೆ ಕೊಟ್ಟು ಬಗ್ಗಿದ್ದರಂತೆ; ಬಿಗಿದ ಕೂಡಲೇ ಕೂಗಿತಂತೆ.

"ಬಂದ ಮಾಡಲಾರದ ಹೋದ್ನೇನ ನಾ?" ಎಂದು ನನ್ನನ್ನೇ ಕೇಳಿದರು.

ನಾನು ಅವರನ್ನು ಕುರ್ಚಿಯಲ್ಲಿ ಕೂರಿಸಿ ನೀರು ತರಲು ಓಡಿದೆ.

ಮಿರಜಿನ ಡಾಕ್ಟರು ಆ ಕಿವಿಗೂ ಇನ್ನು ಕೇಳಿಸಲಾರದೆಂದರು. ಮಾಲಕರ ಮುಂದೆ ಕಾಕಾ ಕೈ ಜೋಡಿಸಿದರು: "ತಪ್ಪ ನಂದರಿ. ನನ್ನ ಕೈ ಮ್ಯಾಲ ನನಗ ಭರೋಸಾ ಉಳದಿಲ್ಲ." ಕೆಲಸ ಬಿಟ್ಟು ತಮ್ಮೂರು ಏಕಸಂಬಿಗೆ ಹೋದರು. ನಾನು ಮೊದಲು ಹೆದರಿ ಸುಮ್ಮನಿದ್ದೆ. ಆಮೇಲೆ, ಇಷ್ಟು ದಿನ ಸುಮ್ಮನಿದ್ದೆನಲ್ಲ ಎಂಬ ನಾಚಿಕೆಗೆ ಸುಮ್ಮನಿದ್ದೆ.

ಎರಡು ವರ್ಷದ ಮೇಲೆ ಹೇಳಿಯೇ ಬಿಡಬೇಕೆಂದು ಅವರ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದರು. ನಾನು ಅಳುತ್ತ ಎಲ್ಲ ಹೇಳಿದೆ. ಕಾಕಾ ನಕ್ಕು, ಪಾಟಿಯನ್ನೂ ಪೆನ್ಸಿಲನ್ನೂ ನನ್ನ ಕೈಗಿತ್ತರು. "ಬರಿ ತಂಗಿ, ಕೇಳಸೂದಿಲ್ಲ."

ಪಾಟಿಯ ಮೇಲೆ "ಆ ದಿನ" ಎಂದು ಬರೆದು, ಒರೆಸಿದೆ. ಕೊನೆಗೆ ಬರೆದದ್ದು: "ಆರಾಮ ಇದ್ದೀರೇನ್ರಿ?"

"ಆರಾಮ ಅದೀನಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು.

ಆ ಬೇಸಿಗೆಯಲ್ಲೇ ತೀರಿಕೊಂಡರು. ತಿಥಿಯ ದಿವಸಕ್ಕೆ ಹೋದಾಗ ಅವರ ಹೆಂಡತಿ ತಾರಾಬಾಯಿ ನನ್ನ ಪಕ್ಕದಲ್ಲಿ ಕೂತು ಹೇಳಿದರು: "ಬ್ಯಾನಿ ಏನ ದೊಡ್ಡದ ಇರಲಿಲ್ಲವ್ವಾ. ನಾ ಹ್ಯಾಂಗ ಮರತೆ, ಹ್ಯಾಂಗ ಮರತೆ ಅಂತ ಕೊರಗಿ ಕೊರಗಿ ಹೋದ್ರು."

"ಅವರು ಮರತಿರಲಿಲ್ರಿ, ಕಾಕು" ಎಂದೆ. ಆ ದಿನ ನಡೆದದ್ದನ್ನೆಲ್ಲ ಹೇಳಿದೆ.

ಅವರು ಬೈಯಲಿಲ್ಲ.

"ಇದನ್ನ ಅವರಿಗೆ ಹೇಳಿದ್ರ ನಕ್ಕ ಬಿಡ್ತಿದ್ರಲ್ಲವ್ವಾ" ಎಂದು ಹೇಳಿ, ಎದ್ದು ಒಳಗೆ ಹೋದರು.